ಗಣಿತದ ಸರ್ ಕಾಯುತ್ತಿದ್ದ ಹೊತ್ತು

ಬಿ.ಎಡ್. ಓದುವವರಿಗೆ ಸೂಕ್ಷ್ಮ ಬೋಧನೆ ಎಂಬುದೊಂದು ಇರುತ್ತದೆ. ಐದಾರು ನಿಮಿಷದ ಪುಟ್ಟ ಪಾಠ. ಎದುರಿಗೆ ಕೂರುವವರು ಮಕ್ಕಳಲ್ಲ, ನಮ್ಮದೇ ಸಹಪಾಠಿಗಳು. ಮೀಸೆ ಬಂದವರು, ಮದುವೆಯಾದವರು, ಮನೆಯಲ್ಲಿ ಕೂಸು ಬಿಟ್ಟು ಬಂದವರು, ಎಲ್ಲರೂ ಎಂಟನೇ ತರಗತಿಯ ಮಕ್ಕಳಾಗಿ ಬೆಂಚಿನ ಮೇಲೆ ಕೈಕಟ್ಟಿ ಕೂರುತ್ತಾರೆ. ನಾನು ಪ್ರಶ್ನೆ ಕೇಳಿ ಬಾಯಿ ಮುಚ್ಚುವಷ್ಟರಲ್ಲಿ ಕೈಗಳು ಮೇಲೇಳುತ್ತಿದ್ದವು. ಉತ್ತರ ತಪ್ಪಾಗುವ ಮಾತೇ ಇಲ್ಲ. ಮುಂದಿನ ಸರದಿ ಅವರದು, ಆಗ ನಾನೂ ಅಷ್ಟೇ ಚುರುಕಾಗಿ ಅವರಿಗೆ ಉತ್ತರ ಕೊಡಬೇಕಲ್ಲ! ಈ ಕೊಡುಕೊಳ್ಳುವಿಕೆಯಲ್ಲಿ ನಮ್ಮಲ್ಲಿ ಯಾರಿಗೂ ಒಂದು ಉತ್ತರಕ್ಕಾಗಿ ಕಾಯುವ ಪ್ರಸಂಗ ಬರಲೇ ಇಲ್ಲ. ಹಾಗೇ ನಮ್ಮನ್ನು ಶಾಲೆಗಳಿಗೆ ಕಳಿಸಿಬಿಟ್ಟರು.

ಕಾಯುವ ಗುಣ ನನಗೆ ಮನೆಯಿಂದಲೂ ಬಂದದ್ದಲ್ಲ. ಬಬಲೇಶ್ವರದಲ್ಲಿ ನಮ್ಮಪ್ಪನದು ಬಟ್ಟೆ ಅಂಗಡಿ. ಗಾದಿಯ ಮೇಲೆ ಸೀರೆ ಬಿಚ್ಚುತ್ತ ಮಾತಾಡುತ್ತಲೇ ಇರುವುದು ಅವನ ಕಸುಬು. “ನೀ ಸುಮ್ಮನಾದಿ ಅಂದ್ರ ಗಿರಾಕಿ ಚಪ್ಪಲಿ ಹುಡುಕಾಕ ಸುರು ಮಾಡತಾನ” ಎಂದು ನನಗೂ ಹೇಳಿಕೊಟ್ಟಿದ್ದ. ನಾಲ್ಕು ಜನ ಕೂತಲ್ಲಿ ಮಾತು ನಿಂತರೆ ನನಗೆ ಇವತ್ತಿಗೂ ಜೀವ ಚಡಪಡಿಸುತ್ತದೆ, ಏನಾದರೊಂದು ಒದರಿಬಿಡುತ್ತೇನೆ.

ನನ್ನ ಕಾಲೇಜು ವಿಜಯಪುರದಲ್ಲಿ. ಜಲನಗರದ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಓದುತ್ತಿದ್ದೆ. ಶಾಲಾ ತರಬೇತಿಗೆ ನನ್ನನ್ನು ಹಾಕಿದ್ದು ಕಳ್ಳಕವಟಗಿಯ ಪ್ರೌಢಶಾಲೆಗೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ತಿಕೋಟಾ, ಅಲ್ಲಿಂದ ಸಿಕ್ಕ ಟಂಟಂ ಹತ್ತಿ ಕಳ್ಳಕವಟಗಿ. ಅಲ್ಲಿ ನನಗೆ ಮಾರ್ಗದರ್ಶಕರಾಗಿ ಸಿಕ್ಕವರು ಗಣಿತದ ಸರ್. ನಿವೃತ್ತಿಗೆ ಇನ್ನೂ ಒಂದಷ್ಟು ವರ್ಷ ಇದ್ದ ತೆಳ್ಳನೆಯ ಮನುಷ್ಯ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಸೀಮೆಸುಣ್ಣ. ವಯಸ್ಸಿನಲ್ಲಿ ಅಷ್ಟು ಚಿಕ್ಕವಳಾದ ನನ್ನನ್ನೂ ಅವರು ‘ಅಕ್ಕೋರ’ ಎಂದೇ ಕರೆದು ನನಗೆ ಮುಜುಗರ ಮಾಡುತ್ತಿದ್ದರು.

ಮೊದಲ ವಾರ ನನ್ನ ಕೆಲಸ ಪಾಠ ವೀಕ್ಷಣೆ. ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಸರ್ ಹೇಗೆ ಕಲಿಸುತ್ತಾರೆಂದು ನೋಡಿ ಬರೆದುಕೊಳ್ಳುವುದು. ಅವರು ಒಂದು ಪ್ರಶ್ನೆ ಕೇಳಿದರು. ಕೇಳಿ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟರು. ಕೋಣೆಯಲ್ಲಿ ಪಿಟ್ಟೆಂಬ ಸದ್ದಿಲ್ಲ. ಹೊರಗೆ ಗಾಳಿ. ಮುಂದಿನದು ಮರೆತರೇನೋ ಎಂದು ಅವರ ಪರವಾಗಿ ನನಗೇ ನಾಚಿಕೆಯಾಯಿತು, ನಾನೇ ಉತ್ತರ ಹೇಳಿ ಕಾಪಾಡಲೇ ಎನ್ನಿಸಿತು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು ಅಳುಕುತ್ತ ಉತ್ತರ ಹೇಳಿದ. ಸರ್ ಅವನ ಹತ್ತಿರ ಹೋಗಿ “ಶಬ್ಬಾಸ್” ಎಂದು ಸೀಮೆಸುಣ್ಣ ಕೈಗಿಟ್ಟರು. ಅವನು ಫಲಕದ ಮೇಲೆ ಲೆಕ್ಕ ಬಿಡಿಸಿದ, ಇವರು ಮತ್ತೆ ಕಿಟಕಿಯ ಹತ್ತಿರ. ಅವರ ತರಗತಿಯ ರಿವಾಜೇ ಅದು. ಉತ್ತರ ಹೇಳಿದವರ ಕೈಗೆ ಸೀಮೆಸುಣ್ಣ. ಅದು ಕೈಗೆ ಸಿಕ್ಕಿತೆಂದರೆ ಮಕ್ಕಳಿಗೆ ಆ ದಿನವೆಲ್ಲ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ಸೀಮೆಸುಣ್ಣ ಒಮ್ಮೆಯೂ ಸಿಗದ ಹುಡುಗಿಯೊಬ್ಬಳಿದ್ದಳು. ಎರಡನೇ ಬೆಂಚಿನಲ್ಲಿ ಗೋಡೆಯ ಕಡೆ ಕೂರುತ್ತಿದ್ದಳು. ಊರ ಅಂಚಿನ ಕುರಿಹಟ್ಟಿಯವಳು. ಪಟ್ಟಿಯಲ್ಲಿ ಬರೆದ ಲೆಕ್ಕ ಒಂದೂ ತಪ್ಪುತ್ತಿರಲಿಲ್ಲ. ಬಾಯಿ ತೆರೆದರೆ ಮಾತ್ರ ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಳ್ಳುತ್ತಿತ್ತು. ಉಳಿದ ಶಿಕ್ಷಕರು ಕನಿಕರದಿಂದ ಅವಳನ್ನು ಕೇಳುವುದನ್ನೇ ಬಿಟ್ಟಿದ್ದರು. ಗಣಿತದ ಸರ್ ಮಾತ್ರ ದಿನಾ ಅವಳನ್ನೊಮ್ಮೆ ಎಬ್ಬಿಸುತ್ತಿದ್ದರು. ಅವಳ ತುಟಿ ಅದುರುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು, ಮಾತು ಬರುತ್ತಿರಲಿಲ್ಲ. ಸರ್ ಕಾಯುತ್ತಿದ್ದರು. ಕೊನೆಗೆ ಗಂಟೆ ಹೊಡೆದಾಗ “ಇರ್ಲಿ ಬಿಡು ತಂಗಿ, ನಾಳಿ ಹೇಳಂತಿ” ಎನ್ನುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. “ಸರ್ರ, ಆಕಿನ್ನ ದಿನಾ ಎಬ್ಬಸತೀರಲ್ರಿ, ಪಾಪ, ಎಲ್ಲಾರ ಮುಂದ ಆಕಿಗಿ ನಾಚಿಕಿ ಆಗಂಗಿಲ್ಲೇನ್ರಿ?” ಎಂದು ಕೇಳಿಯೇಬಿಟ್ಟೆ.

“ಕೇಳೂದ ಬಿಟ್ರ ಆಕಿ ಸಾಲ್ಯಾಗ ಇಲ್ಲಂತನ ಆತಲ್ರಿ ಅಕ್ಕೋರ” ಎಂದರು. “ಆಕಿ ಕಡೆ ಉತ್ತರ ಐತಿ. ಅದು ಬರೂ ತನಕ ನಾವು ನಿಂದರಬೇಕು, ಅಷ್ಟ.”

ಆ ಮಾತನ್ನೂ ಅವರು ಗಂಟಲು ಸರಿಮಾಡಿಕೊಂಡೇ ಹೇಳಿದ್ದು. ಅವರ ಧ್ವನಿ ನಾನು ಬರುವ ಮೊದಲಿನಿಂದಲೂ ಒಡೆದಿತ್ತಂತೆ. ಸೀಮೆಸುಣ್ಣದ ಧೂಳು ಎಂದು ಎಲ್ಲರೂ ಅಂದುಕೊಂಡಿದ್ದರು. ಜ್ಯೇಷ್ಠಮಧು ಅಗಿಯುತ್ತ, ಬಿಸಿನೀರು ಕುಡಿಯುತ್ತ ದಿನ ದೂಡುತ್ತಿದ್ದರು. ದೀಪಾವಳಿ ಸೂಟಿಯಲ್ಲಿ ವಿಜಯಪುರದ ದೊಡ್ಡ ಆಸ್ಪತ್ರೆಯೊಂದಕ್ಕೆ ತೋರಿಸಿಕೊಂಡು ಬಂದರು. ಸೂಟಿ ಮುಗಿದ ಮೊದಲ ದಿನ, ಊಟದ ಬಿಡುವಿನಲ್ಲಿ, ಬೇವಿನ ಗಿಡದ ಕೆಳಗೆ ನನ್ನನ್ನು ಕರೆದರು.

“ಗಂಟಲಾಗ ಗಂಟ ಐತಂತ್ರಿ. ಧ್ವನಿಪೆಟ್ಟಿಗಿನ ತಗೀಬೇಕಂತ. ತಗದ್ರ ಜೀವ ಉಳೀತೈತಿ, ಮಾತ ಹೋಗತೈತಿ ಅಂದಾರ.”

ನನಗೆ ಏನು ತೋಚಿತೋ ಅದನ್ನೆಲ್ಲ ಹೇಳಿದೆ. ಈಗ ಬಹಳ ಸುಧಾರಣೆ ಆಗಿದೆ, ಮಾತಾಡಲು ಮಷಿನ್ನು ಬಂದಿವೆಯಂತೆ, ಬೇರೆ ಡಾಕ್ಟರಿಗೂ ಒಮ್ಮೆ ತೋರಿಸಿ, ನಮ್ಮ ಓಣಿಯಲ್ಲೊಬ್ಬರಿಗೆ ಹೀಗೇ ಆಗಿತ್ತು, ಆರಾಮಾದರು. ನಮ್ಮ ಓಣಿಯಲ್ಲಿ ಯಾರಿಗೂ ಹಾಗೆ ಆಗಿರಲಿಲ್ಲ. ಆ ಮೌನ ಬೀಳಬಾರದೆಂದು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ನಾನು ಮುಗಿಸುವ ತನಕ ಅವರು ತಾಳ್ಮೆಯಿಂದ ಕೇಳಿದರು.

ಆಮೇಲೆ ಕೇಳಿದರು, “ನಿಮ್ಮ ಕಾಲೇಜಿನ್ಯಾಗ ವಿಡಿಯೋ ಪಾಠ ಮಾಡೂದು ಕಲಸತಾರಂತಲ್ರಿ?”

“ಹೌದ್ರಿ ಸರ್ರ. ಒಂದು ಮಾಡಿ ಕೊಡಬೇಕ್ರಿ. ಅದಕ್ಕ ಮಾರ್ಕ್ಸ್ ಅದಾವ.”

“ಹತ್ತನೇತ್ತಾದು ತ್ರಿಕೋನಮಿತಿ ಉಳದೈತಿ. ಧ್ವನಿ ಇರೂದ್ರಾಗ ಅದನ್ನ ಹಿಡದ ಇಡತೀರೇನು? ನಾ ಇಲ್ದಾಗ ಹುಡುಗರಿಗೆ ಪರೀಕ್ಷೆಗೆ ಮತ್ತ ನೋಡಾಕ ಬೇಕಾಗತೈತಿ.”

ಹೀಗೆ, ನಾನು ಅಂಕಕ್ಕಾಗಿ ಮಾಡಬೇಕಿದ್ದ ಕೆಲಸ ಒಬ್ಬ ಮನುಷ್ಯನ ಧ್ವನಿಯನ್ನು ಉಳಿಸುವ ಕೆಲಸವಾಯಿತು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು.

ನಮ್ಮ ತಂತ್ರಜ್ಞಾನದ ಉಪನ್ಯಾಸಕರು ಹೇಳಿಕೊಟ್ಟಿದ್ದ ಪದ್ಧತಿ ಬೇರೆ. ಖಾಲಿ ಕೋಣೆ, ಹಿಂದೆ ಹಸಿರು ಬಟ್ಟೆ, ಮುಂದೆ ಬರೆದಿಟ್ಟ ಸಂಭಾಷಣೆ, ತುಣುಕು ತುಣುಕಾಗಿ ಚಿತ್ರೀಕರಣ. ನಾನು ಶಾಲೆ ಬಿಟ್ಟ ಮೇಲೆ ಹಾಗೆಯೇ ಸಜ್ಜು ಮಾಡಿದೆ. ಸರ್ ಫಲಕದ ಮುಂದೆ ನಿಂತರು, ಖಾಲಿ ಬೆಂಚುಗಳನ್ನು ನೋಡಿದರು, ಎರಡು ಸಾಲು ಹೇಳಿ ನಿಲ್ಲಿಸಿಬಿಟ್ಟರು. “ಹುಡುಗರಿಲ್ದ ನನಗ ಪಾಠ ಬರಂಗಿಲ್ರಿ ಅಕ್ಕೋರ. ಯಾರ ಮಾರಿ ನೋಡಿ ಹೇಳ್ಲಿ?” ಎಂದರು. ಹಾಗಾಗಿ ನಡೆಯುತ್ತಿರುವ ತರಗತಿಯನ್ನೇ ಹಿಡಿಯುವುದೆಂದಾಯಿತು. ಹೆಚ್ಚು ಮಾತಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಬೇರೆ ತರಗತಿಗಳನ್ನು ಬಿಟ್ಟುಕೊಟ್ಟು, ದಿನಕ್ಕೆ ಹತ್ತನೇ ತರಗತಿಯದೊಂದೇ ಅವಧಿ ಇಟ್ಟುಕೊಂಡರು.

ಮೊದಲ ದಿನದ ಚಿತ್ರೀಕರಣ ಪೂರಾ ಹಾಳು. ಪಾಠದ ನಡುವೆ ನನ್ನ ಫೋನಿಗೆ ಅಪ್ಪನ ಕರೆ ಬಂದು ಅಲ್ಲಿಗೇ ಕತ್ತರಿಸಿತು. ಎರಡನೇ ದಿನ ಕರೆ ಬಾರದಂತೆ ಮಾಡಿಟ್ಟೆ, ಫೋನನ್ನು ಬಿಸಿಲು ಬೀಳುವಲ್ಲಿ ನಿಲ್ಲಿಸಿದ್ದರಿಂದ ಕಾದು ತಾನೇ ಬಂದ್ ಆಯಿತು. ಮೂರನೇ ದಿನ ಚಿತ್ರ ಚೆನ್ನಾಗಿ ಬಂತು, ಧ್ವನಿ ಇಲ್ಲ. ಇಲ್ಲವೆಂದರೆ ಇತ್ತು, ಗಾಳಿಯ ಅಡಿಯಲ್ಲಿ ಹೂತುಹೋಗಿತ್ತು. ಆ ಶಾಲೆಯ ಕಿಟಕಿಗಳು ಬಯಲಿಗೆ ತೆರೆದಿವೆ. ಮುಚ್ಚಿದರೆ ಕತ್ತಲು, ತೆರೆದರೆ ಗಾಳಿ ಬಂದು ಸರ್ ಕಾಲರಿಗೆ ಸಿಕ್ಕಿಸಿದ ಪುಟ್ಟ ಮೈಕಿಗೆ ಗರಗರ ಬಡಿಯುತ್ತಿತ್ತು. ಮೈಕಿನ ಮೇಲಿದ್ದ ಸ್ಪಂಜು ಎಂದೋ ಕಳೆದುಹೋಗಿತ್ತು. ಕರವಸ್ತ್ರ ಸುತ್ತಿ ನೋಡಿದೆ, ಸರ್ ಕಂಬಳಿ ಹೊದ್ದು ಮಾತಾಡಿದಂತೆ ಕೇಳಿತು. ಅವರ ಧ್ವನಿಯ ಮೂರು ದಿನ ನನ್ನ ಕೈಯಲ್ಲಿ ಮಣ್ಣುಪಾಲಾದವು. ನನಗೆ ಅಳು ಬಂತು.

“ಇದಕ್ಕ ಮೆತ್ತನ್ನ ತುಪ್ಪಟ ಇರೂವಂಥಾದು ಏನರ ಬೇಕು” ಎಂದು ತರಗತಿಯಲ್ಲೇ ಗೊಣಗಿದ್ದೆ. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಕುರಿಹಟ್ಟಿಯ ಆ ಹುಡುಗಿ ಬಂದು, ಏನೂ ಹೇಳದೆ, ನನ್ನ ಅಂಗೈಯಲ್ಲಿ ಒಂದು ಹಿಡಿ ಉಣ್ಣೆ ಇಟ್ಟು ಹೋದಳು. ತೊಳೆದು, ಎಳೆ ಎಳೆಯಾಗಿ ಹಿಂಜಿದ ಮರಿಕುರಿಯ ಉಣ್ಣೆ. ಮೈಕಿನ ತಲೆಗೆ ಸುತ್ತಿ ದಾರ ಕಟ್ಟಿದೆ. ಗಾಳಿ ನಿಂತಿತು. ಹೆಡ್‌ಫೋನಿನಲ್ಲಿ ಸರ್ ನನ್ನ ಕಿವಿಯ ಪಕ್ಕ ನಿಂತು ಮಾತಾಡಿದಂತೆ ಕೇಳಿತು. ಸರ್ ತಮ್ಮ ಕಾಲರಿನ ಮೇಲಿನ ಉಣ್ಣೆಯ ಉಂಡೆಯನ್ನು ನೋಡಿಕೊಂಡು, “ನನ್ನೂ ಕುರಿ ಮಾಡಿದ್ರಲ್ಲೋ” ಎಂದು ಮಕ್ಕಳನ್ನು ನಗಿಸಿದರು.

ಅಲ್ಲಿಂದ ಕೆಲಸ ಸಾಗಿತು. ದಿನಾ ಸಂಜೆ ಜಲನಗರಕ್ಕೆ ಬಂದು ಅಂದಿನ ಪಾಠವನ್ನು ಲ್ಯಾಪ್‌ಟಾಪಿಗೆ ಹಾಕಿ ಫೋನು ಖಾಲಿ ಮಾಡುತ್ತಿದ್ದೆ. ಮೊದಲ ಪಾಠದ ಧ್ವನಿಗೂ ಕೊನೆಯ ಪಾಠದ ಧ್ವನಿಗೂ ಎಷ್ಟು ಅಂತರವಿತ್ತೆಂದು ನನಗೊಬ್ಬಳಿಗೇ ಗೊತ್ತು. ಮಕ್ಕಳಿಗೆ ಕೇಳದ್ದು ನನಗೆ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಒಂದೊಂದು ವಾಕ್ಯಕ್ಕೂ ಮೊದಲು ಅವರು ನೋವು ನುಂಗುವ ಸದ್ದು.

ಕೊನೆಯ ಪಾಠ ಎತ್ತರ ಮತ್ತು ದೂರದ ಲೆಕ್ಕಗಳು. ಕಿಟಕಿಯಿಂದ ಊರ ನೀರಿನ ಟಾಕಿ ಕಾಣುತ್ತಿತ್ತು. ಸರ್ ಅದನ್ನೇ ತೋರಿಸಿ ಕೇಳಿದರು, “ಟಾಕಿ ಬುಡದಿಂದ ಇಪ್ಪತ್ತು ಮೀಟರ್ ದೂರ ನಿಂತೇನಿ. ತಲಿ ಎತ್ತಿ ತುದಿ ನೋಡಿದ್ರ ನಲವತ್ತೈದು ಡಿಗ್ರಿ ಕೋನ ಆಗತೈತಿ. ಹಂಗಾದ್ರ ಟಾಕಿ ಎಷ್ಟ ಎತ್ತರ ಐತಿ? ನೀ ಹೇಳು ತಂಗಿ.” ಕುರಿಹಟ್ಟಿಯ ಹುಡುಗಿ ಎದ್ದು ನಿಂತಳು. ಸರ್ ಕಿಟಕಿಗೆ ಹೋದರು. ಅವತ್ತು ಕಾದಷ್ಟು ಅವರು ಎಂದೂ ಕಾದಿರಲಿಲ್ಲ. ತಮ್ಮ ಧ್ವನಿಯಿಂದ ‘ಶಬ್ಬಾಸ್’ ಎನ್ನಲು ಅದೇ ಕೊನೆಯ ಅವಕಾಶವೆಂದು ಅವರಿಗೆ ಗೊತ್ತಿತ್ತು. ಹುಡುಗಿಗೆ ಗೊತ್ತಿರಲಿಲ್ಲ. ಗಂಟೆ ಹೊಡೆಯಿತು. “ಇರ್ಲಿ ಬಿಡು ತಂಗಿ, ನಾಳಿ ಹೇಳಂತಿ” ಎಂದರು. ಮಕ್ಕಳು ಹೋದ ಮೇಲೆ ಮೈಕನ್ನು ತಾವೇ ಬಿಚ್ಚಿ ನನ್ನ ಕೈಗೆ ಕೊಟ್ಟರು. ಉಣ್ಣೆಯ ತುಂಬ ಸೀಮೆಸುಣ್ಣದ ಪುಡಿ ಹತ್ತಿತ್ತು. “ಮುಗೀತ್ರಿ ಅಕ್ಕೋರ” ಎಂದರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು.

ಸಂಕಲನವನ್ನು ಬಬಲೇಶ್ವರದ ಮನೆಯಲ್ಲಿ ಕೂತು ಮಾಡಿದೆ. ನಾನು ಬಳಸಿದ ಸಾಫ್ಟ್‌ವೇರಿನಲ್ಲಿ ಒಂದು ಸೌಲಭ್ಯವಿದೆ. ಮಾತಿಲ್ಲದ ಜಾಗಗಳನ್ನೆಲ್ಲ ಅದು ತಾನೇ ಹುಡುಕಿ ಕತ್ತರಿಸಿ, ಮಾತಿಗೆ ಮಾತು ಜೋಡಿಸುತ್ತದೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಉಪನ್ಯಾಸಕರು ತರಗತಿಯಲ್ಲಿ ಹೇಳಿಕೊಟ್ಟದ್ದೇ ಅದು: ವಿಡಿಯೋ ಪಾಠದಲ್ಲಿ ಖಾಲಿ ಜಾಗ ಇರಕೂಡದು, ಮಕ್ಕಳ ಗಮನ ಚದುರುತ್ತದೆ. ಅಪ್ಪ ಹೇಳಿದ್ದೂ ಬೇರೆಯಲ್ಲ. ಗುಂಡಿ ಒತ್ತಿದೆ. ಪಾಠಗಳು ಅರ್ಧಕ್ಕಿಳಿದವು. ಆರಂಭಕ್ಕೆ ಸಂಗೀತ, ಸೂತ್ರಗಳಿಗೆ ಬಣ್ಣ. ಕಾಲೇಜಿನಲ್ಲಿ ಒಂದನ್ನು ತೋರಿಸಿದಾಗ ಉಪನ್ಯಾಸಕರು ಬಹಳ ಮೆಚ್ಚಿಕೊಂಡರು. “ಎಲ್ಲೂ ಒಂದ್ ಸೆಕೆಂಡ್ ವೇಸ್ಟ್ ಆಗಿಲ್ಲ ನೋಡ್ರಿ, ಹಿಂಗಿರಬೇಕು” ಎಂದು ಎಲ್ಲರಿಗೂ ಉದಾಹರಣೆ ಕೊಟ್ಟರು. ಅವತ್ತು ಸಿದ್ಧೇಶ್ವರ ಗುಡಿಯ ಮುಂದಿನ ಪೇಟೆಯಲ್ಲಿ ಪೇಢೆ ಕೊಂಡು ಅತ್ತೆಯ ಮನೆಗೆ ಹೋದೆ.

ಸರ್ ಆಸ್ಪತ್ರೆಗೆ ಸೇರಿದ ವಾರ, ಮುಖ್ಯೋಪಾಧ್ಯಾಯರು ಪ್ರಾರ್ಥನೆಯಲ್ಲಿ ಮಕ್ಕಳಿಗೆ ಸರ್‌ಗೆ ಆರಾಮಿಲ್ಲ, ಬರುವುದು ತಡವಾಗುತ್ತದೆ ಎಂದಷ್ಟೇ ಹೇಳಿದರು. ನನಗೆ ಸ್ಮಾರ್ಟ್ ಕ್ಲಾಸಿನ ಕೋಣೆಯ ಕೀಲಿ ಕೊಟ್ಟರು. ಪುನರಾವರ್ತನೆಗೆಂದು ಪ್ರೊಜೆಕ್ಟರ್ ಹಚ್ಚಿ ಮೊದಲ ಪಾಠ ಓಡಿಸಿದೆ. ಪರದೆಯ ಮೇಲೆ ಸರ್ ಬಂದ ಕೂಡಲೇ ಮಕ್ಕಳು ಚಪ್ಪಾಳೆ ತಟ್ಟಿದರು. ಸರ್ ಪ್ರಶ್ನೆ ಕೇಳಿದರು. ಒಬ್ಬ ಹುಡುಗ ಕೈ ಎತ್ತಲು ಹೋದ. ಅವನ ಕೈ ಕಿವಿಯ ಮಟ್ಟಕ್ಕೆ ಬರುವಷ್ಟರಲ್ಲಿ ಪರದೆಯಲ್ಲಿ ಉತ್ತರ ಬಂದು, ಸೀಮೆಸುಣ್ಣ ಯಾರದೋ ಕೈಗೆ ಹೋಗಿ, ಲೆಕ್ಕ ಮುಗಿದು, ಮುಂದಿನ ಪ್ರಶ್ನೆ ಶುರುವಾಗಿತ್ತು. ಅವನು ಆ ಕೈಯಿಂದ ತಲೆ ಕೆರೆದುಕೊಂಡ. ಸ್ವಲ್ಪ ಹೊತ್ತಿಗೆ ಎಲ್ಲರೂ ತಲೆ ತಗ್ಗಿಸಿ ಪರದೆಯ ಮೇಲಿನದನ್ನು ಬರೆದುಕೊಳ್ಳತೊಡಗಿದರು. ಶಾಂತವಾಗಿ ಕಲಿಯುತ್ತಿದ್ದಾರೆ ಎಂದುಕೊಂಡೆ ನಾನು! ವಾರವೆಲ್ಲ ಹೀಗೇ ನಡೆಯಿತು.

ಶನಿವಾರ ಕೊನೆಯ ಪಾಠ. “ನೀ ಹೇಳು ತಂಗಿ” ಎಂದರು ಪರದೆಯ ಸರ್. ಅದಕ್ಕೆ ತಾಗಿಯೇ, ಉಸಿರೂ ಬಿಡದೆ, “ಇರ್ಲಿ ಬಿಡು ತಂಗಿ, ನಾಳಿ ಹೇಳಂತಿ.” ನಡುವಿನದನ್ನೆಲ್ಲ ಸಾಫ್ಟ್‌ವೇರು ತೆಗೆದುಹಾಕಿತ್ತು. ಕೇಳಿದ ಮರುಗಳಿಗೆಯೇ ‘ನಿನ್ನ ಕೈಲಿ ಆಗದು, ಕೂತುಕೋ’ ಎಂದು ಅಣಕಿಸಿದಂತಿತ್ತು ಅದು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಸರ್ ಎದುರಿಗೆ ವರ್ಷವಿಡೀ ಒಬ್ಬರೂ ಅವಳನ್ನು ನೋಡಿ ನಕ್ಕಿರಲಿಲ್ಲ. ಹುಡುಗಿ ಪರದೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬೆಂಚಿನ ಮೇಲೆ ತಲೆ ಇಟ್ಟಳು.

ನಾನು ಗಾಬರಿಯಿಂದ ವಿಡಿಯೋ ಬಂದ್ ಮಾಡಿದೆ. ತರಗತಿಯ ಮುಂದಾಳು ಹುಡುಗಿ ಎದ್ದು ನಿಂತು, ಮೆಲ್ಲಗೆ, ಆದರೆ ಖಚಿತವಾಗಿ ಹೇಳಿದಳು, “ಅಕ್ಕೋರ, ಇವ್ರು ನಮ್ಮ ಸರ್ ಅಲ್ರಿ.”

ಸೋಮವಾರ ಎರಡನೇ ಬೆಂಚಿನ ಗೋಡೆಬದಿ ಖಾಲಿ ಇತ್ತು. ಮಂಗಳವಾರವೂ ಅವಳು ಬರಲಿಲ್ಲ. ಬುಧವಾರ ಶಾಲೆ ಬಿಟ್ಟ ಮೇಲೆ ನಾನೇ ಹಟ್ಟಿಗೆ ಹೋದೆ. ಹುಡುಗಿ ಒಂದು ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಅದರ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತಿದ್ದಳು. ಅವಳ ತಾಯಿ ಕಂಬಳಿ ಹಾಸಿ ಕೂರಿಸಿದಳು.

“ಸಾಲಿಗೆ ಒಲ್ಲೆ ಅಂತಾಳ್ರಿ ಅಕ್ಕೋರ. ಯಾಕಬೇ ಅಂತ ಕೇಳಿದ್ರ ಹೇಳವಲ್ಲಳು. ಗಣಿತದ ಸರ್ ಬಂದ ಮ್ಯಾಲ ಹೋಕ್ಕೇನಿ ಅಂತ ಅಷ್ಟ ಅಂದಾಳ. ಅವ್ರು ಎಂದ ಬರ್ತಾರ್ರಿ?”

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ಬರತಾರ ತಂಗಿ. ಆದ್ರ ಇನ್ನ ಮ್ಯಾಲ ಸರ್‌ಗೆ ಮಾತಾಡಾಕ ಬರಂಗಿಲ್ಲ” ಎಂದೆ ಹುಡುಗಿಗೆ.

ಹುಡುಗಿಯ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. ತುಟಿ ಅದುರಿತು. “ಎಂ... ಎಂ...”

“ಎಂದೂ ಬರಂಗಿಲ್ಲ” ಎಂದೆ ನಾನು.

ಅವಳ ಮಾತನ್ನು ಪೂರ್ತಿ ಮಾಡಲೂ ನಾನು ಬಿಟ್ಟಿರಲಿಲ್ಲ. ಅದು ನನಗೆ ಹೊಳೆದದ್ದು, ಅವಳು ತುಟಿ ಕಚ್ಚಿಕೊಂಡು ಮತ್ತೆ ಮರಿಯ ಕಾಲಿನತ್ತ ಬಾಗಿದಾಗ. ಕಂಬಳಿಯ ಮೇಲೆ ಕೂತು ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಆ ಭಾನುವಾರ ಬಬಲೇಶ್ವರದ ಮನೆಗೆ ಹೋಗಿ ಮೂಲ ಚಿತ್ರಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೆರೆದೆ. ಪುಣ್ಯಕ್ಕೆ ಅವುಗಳನ್ನು ಅಳಿಸಿರಲಿಲ್ಲ. ಮೊದಲಿನಿಂದ ಶುರು ಮಾಡುವುದೆಂದು ನಿರ್ಧರಿಸಿದೆ. ಸಂಗೀತ ಬೇಡ, ಬಣ್ಣ ಬೇಡ, ಸರ್ ಕಾದಷ್ಟು ಹೊತ್ತು ಪಾಠವೂ ಕಾಯಬೇಕು. ಗಾಳಿಯ ಅಬ್ಬರವನ್ನು ಮಾತ್ರ ತಗ್ಗಿಸಿ ಉಳಿದುದನ್ನು ಇದ್ದ ಹಾಗೆಯೇ ಇಟ್ಟೆ. ಇದಕ್ಕೆ ಯಾವ ಗುಂಡಿಯೂ ಇರಲಿಲ್ಲ. ಒಂದೊಂದು ಪಾಠವನ್ನೂ ಕೂತು ಪೂರ್ತಿ ಕೇಳಬೇಕಾಯಿತು. ನಾನು ಖಾಲಿ ಎಂದುಕೊಂಡಿದ್ದ ಜಾಗಗಳಲ್ಲಿ ಏನೆಲ್ಲ ಇತ್ತು! ಮಕ್ಕಳು ಪಿಸುಗುಟ್ಟುತ್ತ ಲೆಕ್ಕ ಹಾಕುವುದು, ಯಾರೋ ಅಳಿಸಿ ಮತ್ತೆ ಬರೆಯುವುದು, ದೂರದಲ್ಲಿ ಕುರಿ ಕೂಗುವುದು, ಸರ್ ತಮ್ಮಷ್ಟಕ್ಕೆ “ಹೂಂ... ಹೂಂ... ಅವಸರ ಮಾಡಬ್ಯಾಡ್ರಿ” ಎನ್ನುವುದು. ಕೊನೆಯ ಪಾಠದ ಆ ದೊಡ್ಡ ಮೌನದಲ್ಲಿ ಹುಡುಗಿಯ ಉಸಿರು ಸಿಕ್ಕಿಕೊಳ್ಳುವುದೂ ಕೇಳುತ್ತಿತ್ತು, ಸರ್ ಉಗುಳು ನುಂಗುವುದೂ ಕೇಳುತ್ತಿತ್ತು. ಇಬ್ಬರಿಗೂ ಗಂಟಲೇ ಶತ್ರು. ಹೆಡ್‌ಫೋನು ತೆಗೆದಿಟ್ಟು ಅತ್ತುಬಿಟ್ಟೆ. ಅವ್ವ ಬಂದು “ಯಾಕಬೇ, ಏನಾತು?” ಎಂದಳು. ಕಣ್ಣೊರೆಸಿಕೊಂಡು ಮತ್ತೆ ಕೆಲಸಕ್ಕೆ ಕೂತೆ.

ಕಾಲೇಜಿಗೂ ಆ ಉದ್ದನೆಯ ಪಾಠವನ್ನೇ ಒಪ್ಪಿಸಿದೆ. ಉಪನ್ಯಾಸಕರು ಅರ್ಧ ನೋಡಿ, “ಮದಲಿಂದು ಚಲೋ ಇತ್ತಲ್ರಿ, ಯಾಕ ಕೆಡಿಸಿದ್ರಿ?” ಎಂದರು. ವಿವರಿಸಲು ಹೋದೆ, ಸರಿಯಾಗಿ ಬರಲಿಲ್ಲ. ಅಂಕ ಕಡಿಮೆಯೇ ಬಿತ್ತು. ಅವರು ಕೆಟ್ಟ ಮನುಷ್ಯರಲ್ಲ. ಕಳ್ಳಕವಟಗಿಯ ಆ ಕೋಣೆಯಲ್ಲಿ ಅವರು ಕೂತಿರಲಿಲ್ಲ, ಅಷ್ಟೇ.

ಸಂಕ್ರಮಣ ಮುಗಿದ ಮೇಲಿನ ಒಂದು ಶನಿವಾರ, ಬೆಳಗಿನ ಶಾಲೆ. ಪ್ರಾರ್ಥನೆಯ ಹೊತ್ತಿಗೆ ಗಣಿತದ ಸರ್ ಗೇಟಿನಲ್ಲಿ ಕಂಡರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ. ಉಸಿರು ಈಗ ಅದರ ಹಿಂದಿನ ರಂಧ್ರದಿಂದ ಬರುತ್ತಿತ್ತು. ಜೇಬಿನಲ್ಲಿ ಮೊದಲಿನಂತೆ ಪೆನ್ನು, ಸೀಮೆಸುಣ್ಣ. ಮಕ್ಕಳು ಸುತ್ತುವರಿದರು. ಅವರು ಒಬ್ಬೊಬ್ಬರ ತಲೆಯನ್ನೂ ಮುಟ್ಟಿದರು. ಸರ್ ಬಂದ ಸುದ್ದಿ ಹಟ್ಟಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಮೊದಲ ಅವಧಿ ಮುಗಿಯುವಷ್ಟರಲ್ಲಿ ಆ ಹುಡುಗಿ ಏದುಸಿರು ಬಿಡುತ್ತ ಬಂದು ತನ್ನ ಜಾಗದಲ್ಲಿ ಕೂತಿದ್ದಳು.

ಸ್ಮಾರ್ಟ್ ಕ್ಲಾಸಿನ ಕೋಣೆಯಲ್ಲಿ ಸರ್ ಕೊನೆಯ ಬೆಂಚಿಗೆ ಹೋಗಿ ಕೂತರು. ಪಾಠ ವೀಕ್ಷಣೆಗೆ ನಾನು ಕೂರುತ್ತಿದ್ದ ಹಾಗೆ. ನನಗೆ ಕೈಸನ್ನೆ ಮಾಡಿದರು: ಹಚ್ಚಿರಿ. ನಾನು ಆ ಕೊನೆಯ ಪಾಠವನ್ನೇ ಹಚ್ಚಿದೆ. ಅವರ ಧ್ವನಿ ಕೋಣೆಯನ್ನು ತುಂಬಿತು. ನಾನು ಹಿಂದಕ್ಕೆ ತಿರುಗಿ ನೋಡಲು ಹೆದರಿದೆ. ಈ ಬಾರಿ ಪ್ರಶ್ನೆಗಳ ನಂತರ ಪರದೆಯ ಸರ್ ಕಾದರು. ಮಕ್ಕಳು ತಲೆ ಎತ್ತಿದರು, ಯೋಚಿಸಿದರು, ಕೈ ಎತ್ತಿ ಪರದೆಗೇ ಉತ್ತರ ಹೇಳತೊಡಗಿದರು.

“ನೀ ಹೇಳು ತಂಗಿ.”

ಹುಡುಗಿ ಎದ್ದು ನಿಂತಳು. ಯಾರೂ ನಗಲಿಲ್ಲ. ಅವಳು ಪರದೆಯತ್ತ ನೋಡಲಿಲ್ಲ, ಹಿಂದಕ್ಕೆ ತಿರುಗಿ ಕೊನೆಯ ಬೆಂಚಿನತ್ತ ನೋಡಿದಳು. ಪರದೆಯಲ್ಲಿ ಸರ್ ಕಿಟಕಿಯ ಹತ್ತಿರ, ಇಲ್ಲಿ ಸರ್ ಬೆಂಚಿನಲ್ಲಿ, ಇಬ್ಬರೂ ಕಾಯುತ್ತಿದ್ದರು. ತುಟಿ ಅದುರಿತು. “ಇ... ಇ...” ಎಂದಳು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಬಾಯಿಂದ ತರಗತಿಯಲ್ಲಿ ಸದ್ದು ಹೊರಟಿತ್ತು. ಆ ಮೌನ ಎಲ್ಲಿ ಮುಗಿಯುತ್ತದೆಂದು ನನಗೆ ಬಾಯಿಪಾಠವಾಗಿತ್ತು. ಇನ್ನೇನು ಪರದೆಯಲ್ಲಿ ಗಂಟೆ ಹೊಡೆಯುತ್ತದೆ, ಸರ್ ತಿರುಗಿ ಆ ಮಾತು ಹೇಳುತ್ತಾರೆ. ಅವಳು ಇಲ್ಲಿ ಉತ್ತರ ಹೇಳುತ್ತಿರುವುದು ಪರದೆಯ ಸರ್‌ಗೆ ಕೇಳುವಂತಿಲ್ಲ.

ನಾನು ವಿಡಿಯೋ ನಿಲ್ಲಿಸಿದೆ.

ಕಿಟಕಿಯ ಹತ್ತಿರ ಬೆರಳುಗಳಲ್ಲಿ ಸೀಮೆಸುಣ್ಣ ಹಿಡಿದು ಸರ್ ಹಾಗೆಯೇ ನಿಂತುಬಿಟ್ಟರು. ಕೋಣೆಯಲ್ಲಿ ಈಗ ಗಾಳಿಯೊಂದೇ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಅದರ ಮೊದಲ ಅಕ್ಷರವನ್ನಾದರೂ ಹೇಳಿ ಅವಳ ಕೈಹಿಡಿಯಬೇಕೆಂದು ಜೀವ ಒದ್ದಾಡುತ್ತಿತ್ತು. ಹಲ್ಲು ಕಚ್ಚಿ ನಿಂತೆ. ಎಷ್ಟು ಹೊತ್ತಾಯಿತೋ.

“ಇಪ್... ಇಪ್ಪತ್ತು ಮೀಟರ್ ರಿ” ಎಂದಳು. ಒಮ್ಮೆ ಉಸಿರು ಎಳೆದುಕೊಂಡಳು. “ದೂ... ದೂರ ಎಷ್ಟೈತಿ, ಎತ್ತರಾನೂ ಅಷ್ಟರಿ ಸರ್ರ.”

ಸರ್ ಎದ್ದರು. ಅವರ ಬಾಯಿ ಶಬ್ಬಾಸ್ ಎಂದಿತು, ನಾವೆಲ್ಲ ಕಂಡೆವು. ಕುತ್ತಿಗೆಯ ಬಟ್ಟೆ ಒಮ್ಮೆ ಮೇಲೆದ್ದು ಬಿತ್ತು, ಉಸಿರು ಬಿಟ್ಟರೆ ಇನ್ನೇನೂ ಬರಲಿಲ್ಲ. ಮತ್ತೊಮ್ಮೆ ಅಂದು ನೋಡಿದರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು, ಬೆಂಚುಗಳ ನಡುವೆ ನಿಧಾನವಾಗಿ ನಡೆದು ಬಂದು, ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಹುಡುಗಿ ಅಳುತ್ತಲೇ ಫಲಕದ ಕಡೆ ಹೋದಳು. ಸರ್ ಎಂದಿನಂತೆ ಕಿಟಕಿಗೆ ಹೋಗಿ, ಬಯಲಿನ ಕಡೆ ಮುಖ ಮಾಡಿ ನಿಂತರು.

ಪರದೆಯ ಮೇಲೆ ಅವರ ‘ನಾಳಿ ಹೇಳಂತಿ’ ಇನ್ನೂ ಉಳಿದಿತ್ತು. ಅದನ್ನು ನಾನು ಮುಂದೆ ಓಡಿಸಲಿಲ್ಲ. ಅವಳು ಮೊದಲು ಟಾಕಿ ಬರೆದಳು, ಆಮೇಲೆ ನೆಲ, ಆಮೇಲೆ ಕೋನ. ಬರೆದು ಮುಗಿಸುವ ತನಕ ನಾವು ಯಾರೂ ಮಾತಾಡಲಿಲ್ಲ.